ಅಡ್ರೆಸ್ ಪ್ರಿಂಟ್ ಮಾಡಿ ನೋಡಿ

(ದಾವಣಗೆರೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು. ಪರದೆ ಮೇಲೆ ತೋರಿಸಿದ ಕೋಡನ್ನು ಅವತ್ತು ಬಾಯಲ್ಲಿ ಹೇಳಿದ ಹಾಗೇ ಬಿಟ್ಟಿದ್ದೇನೆ.)

ಪಾಯಿಂಟರ್ ಅಂದರೆ ಭಯ ಇರುವವರು ಕೈ ಎತ್ತಿ ಅಂದೆ. ಅರ್ಧ ಹಾಲ್ ಎತ್ತಿದೆ. ಉಳಿದ ಅರ್ಧಕ್ಕೆ ಕೈ ಎತ್ತೋಕೂ ಭಯ ಅನ್ನಿಸುತ್ತೆ. ಪಾಯಿಂಟರ್ ಅಂದರೆ ಮೆಮೊರಿಯ ಒಂದು ಜಾಗದ ಅಡ್ರೆಸ್ ಇಟ್ಟುಕೊಳ್ಳುವ ವೇರಿಯಬಲ್, ಅಷ್ಟೇ.

ನಾನೂ ಇದೇ ಊರಲ್ಲಿ ಓದಿದವನು. ಪಾಯಿಂಟರ್ ಟು ಪಾಯಿಂಟರ್ ಅನ್ನೋದನ್ನ ನೋಟ್ಸ್ ನೋಡಿ ಬಾಯಿಪಾಠ ಮಾಡಿ ಪಾಸಾದೆ. ಎರಡು ಚೌಕ ಬರೆದು ನಡುವೆ ಬಾಣ ಎಳೆಯೋಕೆ ಬರ್ತಿತ್ತು, ಅದು ಏನು ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗಿದ್ದು ಕೆಲಸಕ್ಕೆ ಸೇರಿ, ಒಂದು ತಪ್ಪು ಮಾಡಿ, ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ. ಆ ಕತೆಗೆ ಆಮೇಲೆ ಬರುತ್ತೇನೆ. ಇವತ್ತು ನಾವು ಬರೆಯೋದು ಹತ್ತು ಸಾಲಿನ ಒಂದು ಸಿ ಪ್ರೋಗ್ರಾಮ್. ತನಗೆ ಸಿಕ್ಕಿರುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನೆಲ್ಲ ಅದು ಪಟ್ಟಿ ಮಾಡುತ್ತದೆ, ಪ್ರತಿಯೊಂದರ ಮುಂದೆ ಅದರ ಮೆಮೊರಿ ಅಡ್ರೆಸ್ ಕೂಡ ಹಾಕುತ್ತದೆ. ಇಷ್ಟೇ. ಆದರೆ ಆ ಅಡ್ರೆಸ್‌ಗಳನ್ನ ಸುಮ್ನೆ ಕೂತು ನೋಡಿದರೆ ಒಂದು ಸೆಮಿಸ್ಟರ್‌ನಲ್ಲಿ ಬಿಡದ ಗಂಟು ಅರ್ಧ ಗಂಟೆಯಲ್ಲಿ ಬಿಡುತ್ತದೆ ಅಂತ ನನ್ನ ನಂಬಿಕೆ.

ಮೊದಲು ಎನ್ವಿರಾನ್ಮೆಂಟ್ ಅಂದರೆ ಏನು ನೋಡೋಣ. ಟರ್ಮಿನಲ್ ತೆಗೆದು ಎನ್ವ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಉದ್ದಕ್ಕೆ ಸಾಲುಗಳು ಬರುತ್ತವೆ. ಹೋಮ್ ಈಕ್ವಲ್ ಟು ಇಂಥದ್ದು, ಪಾತ್ ಈಕ್ವಲ್ ಟು ಇಂಥದ್ದು, ಲ್ಯಾಂಗ್ ಈಕ್ವಲ್ ಟು ಇಂಥದ್ದು. ಎಡಗಡೆ ಹೆಸರು, ನಡುವೆ ಸಮ ಚಿಹ್ನೆ, ಬಲಗಡೆ ಬೆಲೆ. ಪ್ರೋಗ್ರಾಮ್ ಶುರುವಾಗುವ ಮೊದಲೇ ಅದಕ್ಕೆ ಕಟ್ಟಿಕೊಡುವ ಬುತ್ತಿ ಇದು. ನಿನ್ನ ಮನೆ ಎಲ್ಲಿದೆ, ಯಾವ ಭಾಷೆಯಲ್ಲಿ ಮಾತಾಡಬೇಕು, ಕಮಾಂಡ್ ಹುಡುಕಲು ಯಾವ ಯಾವ ಫೋಲ್ಡರ್‌ಗೆ ಹೋಗಬೇಕು, ಎಲ್ಲ ಅದರಲ್ಲಿರುತ್ತದೆ. ಇದು ಹೊಸದೇನಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂದ ಯೂನಿಕ್ಸ್ ಏಳನೇ ಆವೃತ್ತಿಯಿಂದ ಹೀಗೇ ನಡೆದು ಬಂದಿದೆ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಶೆಲ್‌ನಲ್ಲಿ, ಅಂದರೆ ಟರ್ಮಿನಲ್ ಒಳಗೆ ನಿಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮಿನಲ್ಲಿ, ಸುಮ್ನೆ ಊರು ಈಕ್ವಲ್ ಟು ದಾವಣಗೆರೆ ಅಂತ ಬರೆದು, ಸಿ ಪ್ರೋಗ್ರಾಮಿನಲ್ಲಿ ಹುಡುಕಿದರೆ ಸಿಗಲ್ಲ. ಯಾಕೆಂದರೆ ಅದು ಇನ್ನೂ ಶೆಲ್‌ನ ಸ್ವಂತ ಆಸ್ತಿ. ಎಕ್ಸ್‌ಪೋರ್ಟ್ ಅಂತ ಹೇಳಿದ ಮೇಲೆ ಮಾತ್ರ ಬುತ್ತಿಗೆ ಹೋಗುತ್ತದೆ. ಈ ಒಂದು ಪದ ಮರೆತು ಇಡೀ ಮಧ್ಯಾಹ್ನ ಕಳೆದವರನ್ನ ನೋಡಿದ್ದೇನೆ.

ಸರಿ, ಈಗ ಸಿ. ಗೆಟ್‌ಎನ್ವ್ ಅಂತ ಒಂದು ಫಂಕ್ಷನ್ ಇದೆ, ಅದು ನಿಮಗೆ ಗೊತ್ತು. ಹೆಸರು ಕೊಟ್ಟರೆ ಬೆಲೆ ಕೊಡುತ್ತದೆ. ಆದರೆ ನಮಗೆ ಹೆಸರುಗಳೇ ಗೊತ್ತಿಲ್ಲ, ಎಲ್ಲ ಬೇಕು. ಅದಕ್ಕೆ ಎನ್ವಿರಾನ್ ಅಂತ ಒಂದು ಗ್ಲೋಬಲ್ ವೇರಿಯಬಲ್ ಇದೆ. ಎಕ್ಸ್‌ಟರ್ನ್ ಚಾರ್ ಸ್ಟಾರ್ ಸ್ಟಾರ್ ಎನ್ವಿರಾನ್. ಹೌದು, ಅದೇ ಎರಡು ಸ್ಟಾರ್. ಮೇನ್ ಫಂಕ್ಷನ್‌ಗೆ ಮೂರನೇ ಆರ್ಗ್ಯುಮೆಂಟ್ ಆಗಿ ಎನ್ವ್‌ಪಿ ಅಂತ ತಗೊಳ್ಳೋದನ್ನೂ ಕೆಲವು ಪುಸ್ತಕಗಳಲ್ಲಿ ನೋಡಿರುತ್ತೀರಿ. ಅದು ಲಿನಕ್ಸ್‌ನಲ್ಲಿ ನಡೆಯುತ್ತದೆ, ಆದರೆ ಯೂನಿಕ್ಸ್ ಥರದ ಸಿಸ್ಟಮ್‌ಗಳ ಮಾನದಂಡವಾದ ಪೋಸಿಕ್ಸ್ ಒಪ್ಪಿರೋದು ಎನ್ವಿರಾನ್ ಅನ್ನು. ಎರಡಕ್ಕೂ ಒಂದು ಮಜವಾದ ವ್ಯತ್ಯಾಸ ಇದೆ, ಮುಂದೆ ಕಣ್ಣಾರೆ ನೋಡೋಣ.

ಎರಡು ಸ್ಟಾರ್ ಯಾಕೆ? ಲಗ್ನಪತ್ರಿಕೆ ಹಂಚೋಕೆ ಹೋಗಿದ್ದೀರಾ ಯಾರಾದರೂ? ನಾನು ಅಕ್ಕನ ಮದುವೆಯಲ್ಲಿ ಹೋಗಿದ್ದೆ, ಸ್ಕೂಟರ್ ಹಿಂದೆ ಕೂತು, ಮಂಡಿಪೇಟೆಯಿಂದ ಶುರು ಮಾಡಿ ವಿದ್ಯಾನಗರದವರೆಗೆ. ಅಪ್ಪ ಒಂದು ಗೆರೆ ಹಾಕಿದ ನೋಟ್‌ಬುಕ್ ಕೊಟ್ಟಿದ್ದರು. ಒಂದು ಗೆರೆಗೆ ಒಂದು ವಿಳಾಸ. ಈಗ ಗಮನಿಸಿ, ನೋಟ್‌ಬುಕ್‌ನ ಗೆರೆಗಳೆಲ್ಲ ಒಂದೇ ಅಳತೆ. ಆದರೆ ಆ ವಿಳಾಸ ಹಿಡಿದು ಹೋದರೆ ಸಿಗುವ ಮನೆಗಳು ಒಂದೇ ಅಳತೆ ಅಲ್ಲ. ಒಂದು ಬಾಡಿಗೆ ರೂಮು, ಇನ್ನೊಂದು ತೊಟ್ಟಿ ಮನೆ. ಪಟ್ಟಿ ಮುಗಿದ ಕಡೆ ಅಪ್ಪ ಒಂದು ಅಡ್ಡಗೆರೆ ಎಳೆದಿದ್ದರು.

ಎನ್ವಿರಾನ್ ಅನ್ನೋದು ಆ ನೋಟ್‌ಬುಕ್ ಎಲ್ಲಿದೆ ಅಂತ ಹೇಳುವ ಚೀಟಿ. ನೋಟ್‌ಬುಕ್‌ನ ಪ್ರತಿ ಗೆರೆ ಒಂದು ಪಾಯಿಂಟರ್, 64 ಬಿಟ್ ಯಂತ್ರದಲ್ಲಿ 8 ಬೈಟ್. ಪ್ರತಿ ಪಾಯಿಂಟರ್ ತೋರಿಸೋದು ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಅದು ಮನೆ, ಅದರ ಅಗಲ ಎಷ್ಟಾದರೂ ಇರಬಹುದು. ಕೊನೆಯ ಅಡ್ಡಗೆರೆ ನಲ್, ಎಲ್ಲಿಗೂ ತೋರಿಸದ ಖಾಲಿ ಪಾಯಿಂಟರ್. ಎರಡು ಸ್ಟಾರ್ ಇಷ್ಟೇ: ಚೀಟಿಯಿಂದ ನೋಟ್‌ಬುಕ್‌ಗೆ ಒಂದು ಹೆಜ್ಜೆ, ನೋಟ್‌ಬುಕ್‌ನಿಂದ ಮನೆಗೆ ಇನ್ನೊಂದು ಹೆಜ್ಜೆ.

ಪ್ರೋಗ್ರಾಮ್ ಹೀಗೆ. ಪಿ ಅಂತ ಒಂದು ಚಾರ್ ಸ್ಟಾರ್ ಸ್ಟಾರ್ ಇಟ್ಟುಕೊಳ್ಳಿ, ಅದಕ್ಕೆ ಎನ್ವಿರಾನ್ ಬೆಲೆ ಕೊಡಿ. ಸ್ಟಾರ್ ಪಿ ನಲ್ ಆಗುವವರೆಗೆ ಫಾರ್ ಲೂಪ್, ಪ್ರತಿ ಸುತ್ತಿಗೆ ಪಿ ಪ್ಲಸ್ ಪ್ಲಸ್. ಒಳಗೆ ಒಂದೇ ಪ್ರಿಂಟ್‌ಎಫ್, ಮೂರು ವಿಷಯ: ಪಿ ಅನ್ನು ಪರ್ಸೆಂಟ್ ಪಿ ಹಾಕಿ, ಅದು ನೋಟ್‌ಬುಕ್ ಗೆರೆಯ ಅಡ್ರೆಸ್. ಸ್ಟಾರ್ ಪಿ ಅನ್ನೂ ಪರ್ಸೆಂಟ್ ಪಿ ಹಾಕಿ, ಅದು ಮನೆಯ ಅಡ್ರೆಸ್. ಅದೇ ಸ್ಟಾರ್ ಪಿ ಅನ್ನು ಇನ್ನೊಮ್ಮೆ ಪರ್ಸೆಂಟ್ ಎಸ್ ಹಾಕಿ, ಈಗ ಮನೆಯೊಳಗೆ ಇರುವವರು. ಒಂದೇ ಬೆಲೆಯನ್ನ ಪಿ ಹಾಕಿದರೆ ವಿಳಾಸ, ಎಸ್ ಹಾಕಿದರೆ ಒಳಗಿನ ಅಕ್ಷರ. ಇದನ್ನ ಒಂದು ಸಲ ಪರದೆ ಮೇಲೆ ಪಕ್ಕಪಕ್ಕ ನೋಡಿದರೆ ಸಾಕು, ಚೌಕ ಬಾಣದ ಚಿತ್ರ ಬೇಕಾಗಲ್ಲ.

ಲ್ಯಾಬ್‌ನಲ್ಲಿ ಇದನ್ನ ಮಾಡಿಸಿದಾಗೆಲ್ಲ ಅದೇ ತಪ್ಪುಗಳು ಬರುತ್ತವೆ. ಅಡ್ರೆಸ್‌ಗೆ ಪರ್ಸೆಂಟ್ ಡಿ ಹಾಕೋದು ಒಂದು. ಮೈನಸ್ ಏಳು ಕೋಟಿ ಚಿಲ್ಲರೆ ಅಂತ ಏನೋ ಬರುತ್ತದೆ, ನನ್ನ ಮೆಮೊರಿ ಮೈನಸ್‌ನಲ್ಲಿದೆ ಸಾರ್ ಅಂತ ಗಾಬರಿ. 8 ಬೈಟ್‌ನ ಅಡ್ರೆಸ್ಸನ್ನ 4 ಬೈಟ್‌ನ ಇಂಟ್ ಡಬ್ಬಿಗೆ ತುರುಕಿದರೆ ಇನ್ನೇನಾಗುತ್ತೆ. ಪರ್ಸೆಂಟ್ ಪಿ ಹಾಕಿ, ವಾಯ್ಡ್ ಸ್ಟಾರ್ ಅಂತ ಕಾಸ್ಟ್ ಮಾಡಿ. ಸೈಜ್‌ಆಫ್ ಎನ್ವಿರಾನ್ ಅಂತ ಕೇಳಿ ಎಷ್ಟು ವೇರಿಯಬಲ್ ಇವೆ ಅಂತ ತಿಳಿಯೋಕೆ ಹೋಗೋರೂ ಇದ್ದಾರೆ. ಯಾವಾಗಲೂ 8 ಅಂತಲೇ ಬರುತ್ತದೆ, ಅದು ಚೀಟಿಯ ಅಳತೆ, ನೋಟ್‌ಬುಕ್ಕಿಂದಲ್ಲ.

ಇವೆರಡೂ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೊಂದಿದೆ. ಪಿ ಯಾಕೆ ಬೇಕು, ಒಂದು ಸಾಲು ಉಳಿಸೋಣ ಅಂತ ಲೂಪ್‌ನಲ್ಲಿ ನೇರ ಎನ್ವಿರಾನ್ ಪ್ಲಸ್ ಪ್ಲಸ್ ಅಂತ ಬರೆಯುತ್ತಾರೆ. ಪಟ್ಟಿ ಚೆನ್ನಾಗೇ ಪ್ರಿಂಟ್ ಆಗುತ್ತದೆ. ಆಮೇಲೆ ಗೆಟ್‌ಎನ್ವ್ ಕರೆದರೆ ಯಾವುದೂ ಸಿಗಲ್ಲ, ಹೋಮ್ ಕೂಡ ಇಲ್ಲ! ಯಾಕೆಂದರೆ ಗೆಟ್‌ಎನ್ವ್ ಹುಡುಕಲು ಶುರು ಮಾಡೋದೂ ಅದೇ ಚೀಟಿ ನೋಡಿ. ನೀವು ಚೀಟಿಯನ್ನೇ ಅಡ್ಡಗೆರೆಯ ಹತ್ತಿರ ತಂದು ಬಿಟ್ಟಿದ್ದೀರಿ, ಅದು ಪಾಪ ಪಟ್ಟಿ ಖಾಲಿ ಅಂದುಕೊಳ್ಳುತ್ತದೆ.

ಈಗ ಓಡಿಸೋಣ. ಆದರೆ ನಿಮ್ಮ ಮಾಮೂಲಿ ಎನ್ವಿರಾನ್ಮೆಂಟ್‌ನಲ್ಲಿ ಓಡಿಸಿದರೆ ನಲವತ್ತು ಐವತ್ತು ಸಾಲು ಬರುತ್ತದೆ, ಲೆಕ್ಕ ಹಿಡಿಯೋದು ಕಷ್ಟ. ಅದಕ್ಕೆ ಎನ್ವ್ ಮೈನಸ್ ಐ ಬಳಸೋಣ. ಬುತ್ತಿ ಖಾಲಿ ಮಾಡಿ, ನಾವು ಹೇಳಿದ್ದು ಮಾತ್ರ ಕಟ್ಟು ಅಂತ ಅರ್ಥ. ಎರಡೇ ವೇರಿಯಬಲ್ ಕೊಡುತ್ತೇನೆ, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಊರು ಮತ್ತು ತಿಂಡಿ. ಊರು ಅನ್ನೋಕೆ ನಾಲ್ಕು ಅಕ್ಷರ, ಓ ಓ ಆರ್ ಯು. ಬೆಲೆ ದಾವಣಗೆರೆ, ಇಂಗ್ಲಿಷ್‌ನಲ್ಲಿ ಹತ್ತು ಅಕ್ಷರ. ತಿಂಡಿಗೆ ಐದು ಅಕ್ಷರ, ಬೆಲೆ ಮಂಡಕ್ಕಿ, ಎಂಟು ಅಕ್ಷರ. ಬೆಣ್ಣೆ ದೋಸೆ ಹಾಕಬಹುದಿತ್ತು, ಆದರೆ ನಡುವೆ ಸ್ಪೇಸ್ ಬಂದರೆ ಕೊಟೇಶನ್ ಹಾಕಬೇಕು, ಅಲ್ಲದೆ ಸಂಜೆ ಆರರ ಮೇಲೆ ಈ ಊರಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಿಟ್ಟು ಬೇರೆ ಹೆಸರು ಹೇಳೋದು ಸರಿಯಲ್ಲ. ಪ್ರೋಗ್ರಾಮಿನ ಹೆಸರು ಪಟ್ಟಿ, ಐದು ಅಕ್ಷರ. ಹೆಸರಿಗೆ ಮೊದಲು ಡಾಟ್ ಸ್ಲ್ಯಾಶ್, ಒಟ್ಟು ಏಳು. ಜೊತೆಗೆ ಸೆಟ್‌ಆರ್ಚ್ ಮೈನಸ್ ದೊಡ್ಡ ಆರ್ ಅಂತಲೂ ಮುಂದೆ ಸೇರಿಸಿದ್ದೇನೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪರದೆ ನೋಡಿ. ಮಾಮೂಲಿ 64 ಬಿಟ್ ಇಂಟೆಲ್ ಲಿನಕ್ಸ್ ಇದು. ಅಡ್ರೆಸ್ ಬರೋದು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕ, ಹತ್ತರಿಂದ ಹದಿನೈದಕ್ಕೆ ಎ ಇಂದ ಎಫ್ ಅಕ್ಷರಗಳು. ಊರಿನ ಸ್ಟ್ರಿಂಗ್ ಅಡ್ರೆಸ್ ಶುರುವಾಗೋದು 7, ಆಮೇಲೆ ಏಳು ಎಫ್, ಕೊನೆಗೆ ಇ-ಎಫ್-ಡಿ-1. ತಿಂಡಿಯದ್ದೂ ಅದೇ, ಕೊನೆಗೆ ಮಾತ್ರ ಇ-ಎಫ್-ಇ-1. ಡಿ-1ರಿಂದ ಇ-1ಕ್ಕೆ ಎಷ್ಟು? ಹೆಕ್ಸಾಡೆಸಿಮಲ್‌ನಲ್ಲಿ 10, ನಮ್ಮ ಲೆಕ್ಕದಲ್ಲಿ 16. ಈಗ ಊರಿನ ಸ್ಟ್ರಿಂಗ್ ಎಣಿಸಿ. ಹೆಸರು 4, ಸಮ ಚಿಹ್ನೆ 1, ಬೆಲೆ 10, ಆಯ್ತು 15. ಇನ್ನೊಂದು? ಕೊನೆಯ ಸೊನ್ನೆ ಬೈಟ್! ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ನಲ್ ಅಕ್ಷರ. ಪುಸ್ತಕದಲ್ಲಿ ಅದನ್ನ ಓದಿದ್ದೀರಿ, ಇವತ್ತು ಅದು ಜಾಗ ತಿಂದಿರೋದನ್ನ ಲೆಕ್ಕದಲ್ಲಿ ಹಿಡಿದಿರಿ. ಎರಡು ಮನೆಗಳ ನಡುವೆ ಒಂದು ಬೈಟೂ ಖಾಲಿ ಜಾಗ ಇಲ್ಲ, ಹಳೇ ಪೇಟೆ ಮನೆಗಳ ಹಾಗೆ ಗೋಡೆಗೆ ಗೋಡೆ ಅಂಟಿಕೊಂಡಿವೆ.

ಮೊದಲ ಕಾಲಮ್ ನೋಡಿ, ನೋಟ್‌ಬುಕ್‌ನ ಗೆರೆಗಳು. ಅಲ್ಲಿ ವ್ಯತ್ಯಾಸ 8. ನೀವು ಬೆಲೆ ಎಷ್ಟೇ ಉದ್ದ ಕೊಟ್ಟರೂ 8.

ಇನ್ನೂ ಮೇಲೆ ಹೋಗೋಣ. ತಿಂಡಿಯ ಸ್ಟ್ರಿಂಗ್ 5, 1, 8, ಕೊನೆಯ ಸೊನ್ನೆ 1, ಒಟ್ಟು 15. ಇ-ಎಫ್-ಇ-1ಕ್ಕೆ 15 ಕೂಡಿಸಿದರೆ ಇ-ಎಫ್-ಎಫ್-0. ಅಲ್ಲೇನಿದೆ? ಪ್ರೋಗ್ರಾಮಿನ ಹೆಸರು! ಡಾಟ್ ಸ್ಲ್ಯಾಶ್ ಪಟ್ಟಿ, ಸೊನ್ನೆ ಸೇರಿ 8 ಬೈಟ್. ಅದರ ಮೇಲೆ 8 ಬೈಟ್ ಖಾಲಿ ಸೊನ್ನೆಗಳು. ಅಲ್ಲಿಗೆ ಸ್ಟಾಕ್‌ನ, ಅಂದರೆ ಫಂಕ್ಷನ್‌ಗಳ ಲೋಕಲ್ ವೇರಿಯಬಲ್ ಇರುವ ಮೆಮೊರಿಯ, ತುದಿ ಬಂತು, ಆಚೆ ನಮ್ಮ ಜಾಗ ಅಲ್ಲ. ಕೆಳಗೆ ಹೋದರೆ ಊರಿನ ಕೆಳಗೆ ಆರ್ಗ್ಯುಮೆಂಟ್ ಸ್ಟ್ರಿಂಗ್‌ಗಳು, ಅದಕ್ಕೂ ಕೆಳಗೆ ನೋಟ್‌ಬುಕ್, ಇನ್ನೂ ಕೆಳಗೆ ನಿಮ್ಮ ಮೇನ್ ಫಂಕ್ಷನ್ನಿನ ಲೋಕಲ್ ವೇರಿಯಬಲ್‌ಗಳು. ಇದನ್ನೆಲ್ಲ ಜೋಡಿಸೋದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ನಿಮ್ಮ ಮೊದಲ ಸಾಲು ಓಡುವ ಮುಂಚೆ. ಎನ್ವಿರಾನ್ಮೆಂಟ್ ಅಂದರೆ ಎಲ್ಲೋ ಆಪರೇಟಿಂಗ್ ಸಿಸ್ಟಮ್ ಒಳಗೆ ಬೀರುವಿನಲ್ಲಿ ಇರುತ್ತೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ನಿಮ್ಮ ಪ್ರೋಗ್ರಾಮಿನ ತಲೆ ಮೇಲೇ, ಅಟ್ಟದ ಮೇಲೆ ಕೂತಿರುತ್ತದೆ.

ಹಾಗಾದರೆ ಒಂದು ತಮಾಷೆ. ಪ್ರೋಗ್ರಾಮಿನ ಹೆಸರು ಪಟ್ಟಿ ಬದಲು ಪಟ್ಟಿಗಳು ಅಂತ ಬದಲಿಸುತ್ತೇನೆ, ಇಂಗ್ಲಿಷ್‌ನಲ್ಲಿ ನಾಲ್ಕಕ್ಷರ ಜಾಸ್ತಿ. ಕೋಡ್ ಮುಟ್ಟಿಲ್ಲ, ವೇರಿಯಬಲ್ ಮುಟ್ಟಿಲ್ಲ. ನೋಡಿ, ತಿಂಡಿ ಇ-ಎಫ್-ಡಿ-ಡಿಗೆ ಇಳಿಯಿತು, ಊರು ಇ-ಎಫ್-ಸಿ-ಡಿಗೆ. ಸರಿಯಾಗಿ ನಾಲ್ಕು ಬೈಟ್ ಕೆಳಗೆ. ಅಟ್ಟದ ಮೇಲಿನ ಡಬ್ಬಿ ದೊಡ್ಡದಾದರೆ ಕೆಳಗಿನವೆಲ್ಲ ಸರಿದುಕೊಳ್ಳಲೇಬೇಕಲ್ವಾ.

ಇನ್ನೊಂದು. ಹೆಸರು ಮತ್ತೆ ಪಟ್ಟಿ ಅಂತಲೇ ಇಡೋಣ, ಬೆಲೆಯನ್ನ ಮಾತ್ರ ಕನ್ನಡದಲ್ಲಿ ಬರೆಯೋಣ, ದಾವಣಗೆರೆ ಅಂತ. ಈಗ ಊರಿನ ಅಡ್ರೆಸ್ ಇ-ಎಫ್-ಸಿ-3. ತಿಂಡಿಗೂ ಅದಕ್ಕೂ 30 ಬೈಟ್ ದೂರ. ಹೆಸರು, ಸಮ ಚಿಹ್ನೆ, ಸೊನ್ನೆ ಕಳೆದರೆ ಬೆಲೆಗೇ 24. ನಾವು ದಾವಣಗೆರೆಯಲ್ಲಿ ಐದೇ ಅಕ್ಷರ ಅಂತೀವಿ. ಕಂಪ್ಯೂಟರ್ ದ, ಅದರ ದೀರ್ಘ, ವ, ಣ, ಗ, ಎತ್ವ, ರ, ಇನ್ನೊಂದು ಎತ್ವ ಅಂತ ಎಂಟು ಎಣಿಸುತ್ತದೆ. ಅಕ್ಷರಗಳನ್ನ ಬೈಟ್ ಆಗಿ ಬರೆಯುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್. ಎಂಟು ಮೂರ್ಲೆ ಇಪ್ಪತ್ನಾಲ್ಕು. ಸ್ಟ್ರಿಂಗ್‌ಗೆ 16 ಬೈಟ್ ಸಾಕು ಅಂತ ಅರೇ ಮಾಡಿಟ್ಟುಕೊಂಡು, ಆಮೇಲೆ ಕನ್ನಡ ಹೆಸರು ಬಂದು ಪ್ರೋಗ್ರಾಮ್ ಬಿದ್ದು ಹೋಗೋದು ಹೀಗೆ. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿರ್ತಾರೆ, ಎಲ್ಲ ಸರಿ ಇರುತ್ತೆ.

ಗೆಟ್‌ಎನ್ವ್ ಬಗ್ಗೆ ಒಂದು ಮಾತು. ಮೊದಲಿನ ಹಾಗೇ ಓಡಿಸಿ, ಗೆಟ್‌ಎನ್ವ್ ತಿಂಡಿ ಅಂತ ಕರೆದು ಅದು ಕೊಟ್ಟ ಅಡ್ರೆಸ್ ಪ್ರಿಂಟ್ ಮಾಡಿ. ಇ-ಎಫ್-ಇ-7 ಬರುತ್ತದೆ, ಅಂದರೆ ಇ-1ರಿಂದ ಆರು ಬೈಟ್ ಮುಂದೆ. ಐದಕ್ಷರದ ಹೆಸರು, ಒಂದು ಸಮ ಚಿಹ್ನೆ ದಾಟಿ ನೇರ ಬೆಲೆಯ ಬಾಗಿಲಲ್ಲಿ ನಿಲ್ಲಿಸಿದೆ. ಹೊಸ ನಕಲೇನೂ ಮಾಡಿಕೊಟ್ಟಿಲ್ಲ, ಅದೇ ಮನೆಯೊಳಗಿನ ಒಂದು ಕೋಣೆ ತೋರಿಸಿದೆ. ಅದಕ್ಕೇ ಗೆಟ್‌ಎನ್ವ್ ಕೊಟ್ಟದ್ದನ್ನ ತಿದ್ದಬೇಡಿ, ಫ್ರೀ ಮಾಡಬೇಡಿ ಅನ್ನೋದು. ನಿಯಮ ಅಂತ ಬಾಯಿಪಾಠ ಮಾಡಬೇಕಾಗಿಲ್ಲ, ಅಡ್ರೆಸ್ ನೋಡಿದರೆ ಕಾರಣ ಅಲ್ಲೇ ಇದೆ.

ಈಗ ಆ ಸೆಟ್‌ಆರ್ಚ್ ಯಾಕೆ? ಅದನ್ನ ತೆಗೆದು ಎರಡು ಸಲ ಓಡಿಸುತ್ತೇನೆ. ಎರಡು ಸಲವೂ ಅಡ್ರೆಸ್ ಬೇರೆ ಬೇರೆ. ಇದು ಕರ್ನಲ್ ಬೇಕಂತಲೇ ಮಾಡುವ ಕಲಸುಮೇಲೋಗರ. 2005ರಲ್ಲಿ ಲಿನಕ್ಸ್ 2.6.12ರಿಂದ ಇದೆ. ಅದಕ್ಕೂ ಮುಂಚೆ ಕಳ್ಳರಿಗೆ ಸುಲಭ ಇತ್ತು. ಎನ್ವಿರಾನ್ಮೆಂಟ್ ವೇರಿಯಬಲ್ ಒಳಗೆ ತಮ್ಮ ಕೆಟ್ಟ ಕೋಡ್ ತುಂಬಿಸಿ, ನಾವು ಈಗ ಮಾಡಿದ ಹಾಗೇ ಅದರ ಅಡ್ರೆಸ್ ಲೆಕ್ಕ ಹಾಕಿ, ಬೇರೆ ಪ್ರೋಗ್ರಾಮನ್ನ ಅಲ್ಲಿಗೆ ಹಾರಿಸುತ್ತಿದ್ದರು. ಅಡ್ರೆಸ್ ಪ್ರತಿ ಸಲ ಬದಲಾದರೆ ಎಲ್ಲಿಗೆ ಅಂತ ಹಾರಿಸೋದು? ಸೆಟ್‌ಆರ್ಚ್ ಮೈನಸ್ ಆರ್ ಅಂದರೆ ಈ ಒಂದು ಸಲ ಕಲಸಬೇಡಪ್ಪಾ ಅಂತ ಕೇಳಿಕೊಂಡಂತೆ.

ಆದರೆ ಕಲಸಿದ ಅಡ್ರೆಸ್‌ಗಳನ್ನೂ ಬಿಡಬೇಡಿ. ಐದಾರು ಸಲ ಓಡಿಸಿ ಒಂದರ ಕೆಳಗೆ ಒಂದು ಬರೆದುಕೊಳ್ಳಿ. ತಿಂಡಿಯ ಅಡ್ರೆಸ್‌ನ ನಡುವಿನ ಅಂಕಿಗಳು ಕುಣಿಯುತ್ತವೆ. ಕೊನೆಯ ಮೂರು ಸ್ಥಾನ ಮಾತ್ರ ಅಲ್ಲಾಡಲ್ಲ, ಎಫ್-ಇ-1 ಅಂತಲೇ ಇರುತ್ತದೆ. ಯಾಕೆ ಹೇಳಿ? ಹೆಕ್ಸ್‌ನಲ್ಲಿ ಮೂರು ಸ್ಥಾನ ಅಂದರೆ 4096. ಅದು ಒಂದು ಮೆಮೊರಿ ಪುಟದ ಅಳತೆ. ಕರ್ನಲ್ ಈ ಸ್ಟ್ರಿಂಗ್‌ಗಳನ್ನ ಸರಿಸುವಾಗ ಪುಟಕ್ಕೆ ಪುಟವನ್ನೇ ಎತ್ತಿ ಇಡುತ್ತದೆ, ಪುಟದ ಒಳಗೆ ಅಕ್ಷರ ಅದೇ ಜಾಗದಲ್ಲಿ ಉಳಿಯುತ್ತದೆ. ನನಗೆ ಇದು ಹೊಳೆದ ದಿನ ಖುಷಿಗೆ ಪಕ್ಕದ ಟೇಬಲ್ಲಿನವರನ್ನೆಲ್ಲ ಕರೆದು ತೋರಿಸಿದ್ದೆ. ಅವರಿಗೇನೂ ಅಂಥ ಖುಷಿಯಾಗಲಿಲ್ಲ.

ಜಿಡಿಬಿ, ಅಂದರೆ ತಪ್ಪು ಹುಡುಕುವ ಡಿಬಗರ್, ಅದರ ಒಳಗೆ ಓಡಿಸಿದರೆ ಅಡ್ರೆಸ್ ಬೇರೆ ಬರುತ್ತೆ, ಹೊರಗೆ ಬೇರೆ, ಯಾಕೆ ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಜಿಡಿಬಿ ತಾನಾಗೇ ಕಲಸುವುದನ್ನ ನಿಲ್ಲಿಸಿರುತ್ತದೆ. ಜೊತೆಗೆ ಲೈನ್ಸ್, ಕಾಲಮ್ಸ್ ಅಂತ ಎರಡು ವೇರಿಯಬಲ್ ಬುತ್ತಿಗೆ ಸೇರಿಸುತ್ತದೆ, ಪ್ರೋಗ್ರಾಮನ್ನ ಪೂರ್ತಿ ಪಾತ್ ಕೊಟ್ಟು ಕರೆಯುತ್ತದೆ. ಅಟ್ಟದ ಮೇಲೆ ಸಾಮಾನು ಜಾಸ್ತಿಯಾಯಿತು, ಕೆಳಗಿನವು ಸರಿದವು.

ಮುಂದಕ್ಕೆ. ಪ್ರೋಗ್ರಾಮ್ ಓಡುತ್ತಿರುವಾಗಲೇ ಹೊಸ ವೇರಿಯಬಲ್ ಸೇರಿಸಿದರೆ? ಸೆಟ್‌ಎನ್ವ್ ಕರೆದು ಕೆರೆ, ಕುಂದುವಾಡ ಅಂತ ಸೇರಿಸುತ್ತೇನೆ. ಸೇರಿಸುವ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಪಟ್ಟಿ ಪ್ರಿಂಟ್. ಎರಡನೇ ಪಟ್ಟಿಯಲ್ಲಿ ಊರು, ತಿಂಡಿ ಎರಡೂ ಹಳೇ ಜಾಗದಲ್ಲೇ ಇವೆ. ಆದರೆ ಮೊದಲ ಕಾಲಮ್ ನೋಡಿ, ನೋಟ್‌ಬುಕ್ಕೇ ಎದ್ದು ಹೋಗಿದೆ! 7 ಎಫ್ ಎಫ್ ಅಂತ ಇದ್ದದ್ದು ಈಗ 5 5 5 5 ಅಂತ ಶುರುವಾಗುತ್ತಿದೆ. ಅದು ಹೀಪ್, ಪ್ರೋಗ್ರಾಮ್ ಓಡುವಾಗ ಕೇಳಿ ಪಡೆಯುವ ಮೆಮೊರಿ. ಕುಂದುವಾಡ ಕೆರೆಯ ಸ್ಟ್ರಿಂಗ್ ಕೂಡ ಅಲ್ಲೇ. ಸ್ಟಾಕ್ ತುದಿಯಲ್ಲಿ ಗೋಡೆಗೆ ಗೋಡೆ ಮನೆಗಳು, ಹೊಸ ಮನೆಗೆ ಜಾಗ ಎಲ್ಲಿದೆ? ನೋಟ್‌ಬುಕ್‌ನಲ್ಲೂ ಗೆರೆ ಖಾಲಿ ಇಲ್ಲ. ಹಾಗಾಗಿ ಲೈಬ್ರರಿ ಹೀಪ್‌ನಲ್ಲಿ ಒಂದು ದೊಡ್ಡ ನೋಟ್‌ಬುಕ್ ತಂದು, ಹಳೇ ವಿಳಾಸಗಳನ್ನ ನಕಲು ಮಾಡಿ, ಕೊನೆಗೆ ಹೊಸದೊಂದು ಬರೆದು, ಚೀಟಿಯನ್ನ ಆ ಕಡೆ ತಿರುಗಿಸಿತು. ಯಾವ ಮನೆಯೂ ಕದಲಲಿಲ್ಲ.

ಆಗ ಹೇಳಿದೆನಲ್ಲ, ಮೇನ್‌ನ ಮೂರನೇ ಆರ್ಗ್ಯುಮೆಂಟ್‌ಗೂ ಎನ್ವಿರಾನ್‌ಗೂ ವ್ಯತ್ಯಾಸ ಇದೆ ಅಂತ. ಈಗ ಎನ್ವ್‌ಪಿ ಹಿಡಿದು ಪಟ್ಟಿ ಮಾಡಿ. ಕೆರೆ ಇಲ್ಲ! ಎನ್ವ್‌ಪಿ ಹಳೇ ನೋಟ್‌ಬುಕ್ಕನ್ನೇ ಹಿಡಿದುಕೊಂಡು ಕೂತಿದೆ, ಅದಕ್ಕೆ ಯಾರೂ ಸುದ್ದಿ ಕೊಟ್ಟಿಲ್ಲ.

ಇನ್ನು ನನ್ನ ಕತೆ. ಬೆಂಗಳೂರಿನಲ್ಲಿ ಮೊದಲ ಕೆಲಸ. ಅಂಗಡಿಗಳಿಗೆ ಬಿಲ್ ಮಾಡಿಕೊಡುವ ಒಂದು ಪ್ರೋಗ್ರಾಮ್. ಟೈಮ್ ಝೋನ್ ಅನ್ನು ಸೆಟ್ಟಿಂಗ್ ಫೈಲಿನಿಂದ ಓದಿ ಟಿ ಝಡ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಹಾಕಬೇಕಿತ್ತು. ನಾನು ಒಂದು ಪುಟ್ಟ ಫಂಕ್ಷನ್ ಬರೆದೆ. ಒಳಗೆ 64 ಬೈಟ್‌ನ ಲೋಕಲ್ ಅರೇ. ಅದರಲ್ಲಿ ಟಿ ಝಡ್ ಈಕ್ವಲ್ ಟು ಏಷ್ಯಾ ಸ್ಲ್ಯಾಶ್ ಕೋಲ್ಕತಾ ಅಂತ ಬರೆದು, ಪುಟ್‌ಎನ್ವ್ ಕರೆದು, ರಿಟರ್ನ್. ನನ್ನ ಯಂತ್ರದಲ್ಲಿ ಓಡಿಸಿದೆ, ಸಮಯ ಸರಿ ಬಂತು. ಗಿರಾಕಿಯ ಸರ್ವರ್‌ಗೆ ಹೋಯಿತು. ಎರಡನೇ ದಿನ ಫೋನು. ರಾತ್ರಿ ಒಂಬತ್ತಕ್ಕೆ ಮಾಡಿದ ಬಿಲ್ ಮೇಲೆ ಮಧ್ಯಾಹ್ನ ಮೂರೂವರೆ ಅಂತ ಬಂದಿದೆ! ಅದೂ ಎಲ್ಲ ಬಿಲ್ ಅಲ್ಲ, ಶುರುವಿನ ಒಂದೆರಡು ಸರಿ ಇವೆ, ಆಮೇಲಿನವು ಐದೂವರೆ ಗಂಟೆ ಹಿಂದೆ.

ಎರಡು ರಾತ್ರಿ ಕೂತೆ. ಸೆಟ್ಟಿಂಗ್ ಫೈಲ್ ಸರಿ ಇದೆ, ಪುಟ್‌ಎನ್ವ್ ಸೊನ್ನೆ ಕೊಡುತ್ತಿದೆ, ಅಂದರೆ ಅದೂ ಸರಿ. ಕರೆದ ತಕ್ಷಣ ಗೆಟ್‌ಎನ್ವ್ ಮಾಡಿ ನೋಡಿದರೆ ಅದೂ ಸರಿ. ನನ್ನ ಯಂತ್ರದಲ್ಲಂತೂ ಏನು ಮಾಡಿದರೂ ತಪ್ಪು ಬರುತ್ತಿಲ್ಲ. ಮೂರನೇ ದಿನ ಟೀಮಿನ ಒಬ್ಬ ಹಿರಿಯರು, ಬಹಳ ಕಡಿಮೆ ಮಾತಿನವರು, ಟೀ ಲೋಟ ಹಿಡಿದು ಹಿಂದೆ ನಿಂತು ಒಂದೇ ಮಾತು ಹೇಳಿದರು: ಬಿಲ್ ಆಗುವ ಜಾಗದಲ್ಲಿ ಎನ್ವಿರಾನ್ ಪೂರ್ತಿ ಪ್ರಿಂಟ್ ಮಾಡಯ್ಯ, ಅಡ್ರೆಸ್ ಸಮೇತ.

ಮಾಡಿದೆ. ಇಪ್ಪತ್ತು ಚಿಲ್ಲರೆ ಸಾಲು ಬಂತು. ಎಲ್ಲ ಅಡ್ರೆಸ್‌ಗಳೂ ಕ್ಯೂ ನಿಂತ ಹಾಗೆ ಒಂದರ ಹಿಂದೆ ಒಂದು. ಕೊನೆಯದು ಒಂದೇ ಸಾಲಿನಿಂದ ಹೊರಗೆ. ಅದೂ 7 ಎಫ್ ಎಫ್‌ನಿಂದಲೇ ಶುರು, ಆದರೆ ಉಳಿದವಕ್ಕಿಂತ ಎಷ್ಟೋ ಕೆಳಗೆ, ಮೇನ್‌ನ ಲೋಕಲ್ ವೇರಿಯಬಲ್‌ಗಿಂತಲೂ ಕೆಳಗೆ. ಆ ಸಾಲಿನಲ್ಲಿ ಟಿ ಝಡ್ ಇರಲಿಲ್ಲ. ಅದರ ಬದಲು ಯಾವುದೋ ಬಿಲ್ ಫೈಲಿನ ಅರ್ಧ ಹೆಸರು ಇತ್ತು.

ಈಗ ನಿಮಗೆ ಅರ್ಥ ಆಗಿರಬೇಕು. ಸೆಟ್‌ಎನ್ವ್ ನಿಮ್ಮ ಸ್ಟ್ರಿಂಗನ್ನ ನಕಲು ಮಾಡಿಕೊಳ್ಳುತ್ತದೆ. ಪುಟ್‌ಎನ್ವ್ ನಕಲು ಮಾಡಲ್ಲ, ನೀವು ಕೊಟ್ಟ ವಿಳಾಸವನ್ನೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತದೆ. ನಾನು ಕೊಟ್ಟಿದ್ದು ಲೋಕಲ್ ಅರೇಯ ವಿಳಾಸ. ಅಂದರೆ ಲಾಡ್ಜ್ ರೂಮ್ ನಂಬರ್! ಫಂಕ್ಷನ್ ಮುಗಿಯಿತು, ರೂಮ್ ಖಾಲಿ, ಮುಂದಿನ ಫಂಕ್ಷನ್ ಬಂದು ಅಲ್ಲೇ ಲಗೇಜ್ ಇಟ್ಟಿತು. ಪತ್ರಿಕೆ ಕೊಡೋಕೆ ಹೋದವನಿಗೆ ಬಾಗಿಲು ತೆಗೆದದ್ದು ಬೇರೆ ಯಾರೋ. ಟಿ ಝಡ್ ಸಿಗದಿದ್ದಾಗ ಪ್ರೋಗ್ರಾಮ್ ಆ ಯಂತ್ರದ ಸ್ವಂತ ಸಮಯ ತಗೊಂಡಿತು. ಸರ್ವರ್‌ನದ್ದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ನನ್ನ ಯಂತ್ರದ ಸ್ವಂತ ಸಮಯ ಭಾರತದ್ದೇ, ಹಾಗಾಗಿ ವೇರಿಯಬಲ್ ಇದ್ದರೂ ಒಂದೇ ಸತ್ತರೂ ಒಂದೇ, ನನಗೆ ಗೊತ್ತೇ ಆಗಲಿಲ್ಲ. ಅರೇ ಮುಂದೆ ಸ್ಟ್ಯಾಟಿಕ್ ಅಂತ ಸೇರಿಸಿದ್ದರೂ ಸಾಕಿತ್ತು. ನಾನು ಪುಟ್‌ಎನ್ವ್ ತೆಗೆದು ಸೆಟ್‌ಎನ್ವ್ ಹಾಕಿದೆ, ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಮಕ್ಕಳ ವಿಷಯ. ಅಂದರೆ ಚೈಲ್ಡ್ ಪ್ರೋಸೆಸ್ ವಿಷಯ, ನಗಬೇಡಿ. ಫೋರ್ಕ್ ಮಾಡಿದ ಮೇಲೆ, ಅಂದರೆ ಪ್ರೋಗ್ರಾಮ್ ತನ್ನದೇ ನಕಲೊಂದನ್ನ ಹುಟ್ಟಿಸಿದ ಮೇಲೆ, ಮಗು ಸೆಟ್‌ಎನ್ವ್ ಮಾಡಿದರೆ ತಾಯಿಗೆ ಗೊತ್ತಾಗುತ್ತಾ? ಇಲ್ಲ. ನಿಮಗೆ ಸುಲಭದ ಉದಾಹರಣೆ ಇದೆ. 1997ರ ಆಗಸ್ಟ್‌ವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆದ ಮೇಲೆ ಇಲ್ಲಿನ ಡಿಸಿ ಆಫೀಸಿನ ರಿಜಿಸ್ಟರ್‌ನಲ್ಲಿ ಏನೇ ಬರೆದರೂ ದುರ್ಗದ ರಿಜಿಸ್ಟರ್‌ನಲ್ಲಿ ಕಾಣಿಸಲ್ಲ. ಹೊನ್ನಾಳಿ ಚನ್ನಗಿರಿ ಶಿವಮೊಗ್ಗದಿಂದ ಬಂದವಲ್ಲ ಸಾರ್, ಅಂತ ಯಾರೋ ಅಂದರು. ಹೌದಪ್ಪಾ, ಫೋರ್ಕ್‌ಗೆ ಒಬ್ಬಳೇ ತಾಯಿ, ಉದಾಹರಣೆ ಅಲ್ಲಿಗೆ ನಿಲ್ಲಿಸೋಣ. ವಿಚಿತ್ರ ಏನೆಂದರೆ ತಾಯಿ ಮಗು ಎರಡರಲ್ಲೂ ಅಡ್ರೆಸ್ ಪ್ರಿಂಟ್ ಮಾಡಿದರೆ ಒಂದೇ ಬರುತ್ತದೆ, ಅಕ್ಷರ ಮಾತ್ರ ಬೇರೆ ಇರಬಹುದು. ಪುಟದ ನಂಬರ್ ಒಂದೇ, ರಿಜಿಸ್ಟರ್ ಬೇರೆ. ಶೆಲ್ ಸ್ಕ್ರಿಪ್ಟ್ ಒಳಗೆ ಎಕ್ಸ್‌ಪೋರ್ಟ್ ಮಾಡಿ, ಸ್ಕ್ರಿಪ್ಟ್ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಹುಡುಕಿದರೆ ಸಿಗದೇ ಇರೋದೂ ಇದಕ್ಕೇ. ಸೋರ್ಸ್ ಅಂತ ಓಡಿಸಿದರೆ ಮಗು ಹುಟ್ಟೋದೇ ಇಲ್ಲ, ಶೆಲ್ ತಾನೇ ಓದಿ ತನ್ನ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತದೆ.

ಕೊನೆಗೆ ಹಿಂದಿನ ಸಾಲಿನ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದ್ದಾರೆ. ಪ್ರಾಜೆಕ್ಟ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಅನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಡುತ್ತೇವೆ, ಓದಿದ ತಕ್ಷಣ ಅನ್‌ಸೆಟ್‌ಎನ್ವ್ ಕರೆದು ಪಟ್ಟಿಯಿಂದ ತೆಗೆಯುತ್ತೇವೆ, ಆಗ ಸೇಫ್ ಅಲ್ವಾ ಅಂತ.

ಮಾಡಿಯೇ ನೋಡೋಣ. ಪಾಸ್‌ವರ್ಡ್ ಕೊಟ್ಟು ಓಡಿಸಿದೆ. ಅನ್‌ಸೆಟ್‌ಎನ್ವ್ ಆದ ಮೇಲೆ ಪ್ರೋಗ್ರಾಮ್ ಹಾಗೇ ಮಲಗಿದೆ, ಪಟ್ಟಿಯಲ್ಲಿ ಪಾಸ್‌ವರ್ಡ್ ಇಲ್ಲ. ಈಗ ಇನ್ನೊಂದು ಟರ್ಮಿನಲ್‌ನಲ್ಲಿ ಪ್ರೋಕ್ ಫೋಲ್ಡರ್, ಈ ಪ್ರೋಗ್ರಾಮಿನ ನಂಬರ್, ಒಳಗೆ ಎನ್ವಿರಾನ್ ಅನ್ನೋ ಫೈಲು. ತೆಗೆದು ನೋಡಿದೆ. ಇದೆ ನೋಡಿ, ಪೂರ್ತಿ ಪಾಸ್‌ವರ್ಡ್! ಎಲ್ಲರಿಗೂ ಕಾಣಿಸಲ್ಲ, ಆದರೆ ಅದೇ ಯೂಸರ್‌ಗೆ, ರೂಟ್‌ಗೆ, ಅಂದರೆ ಯಂತ್ರದ ಯಜಮಾನನಿಗೆ, ಕಾಣುತ್ತದೆ. ಅನ್‌ಸೆಟ್‌ಎನ್ವ್ ಮಾಡಿದ್ದು ನೋಟ್‌ಬುಕ್‌ನಲ್ಲಿ ಒಂದು ಗೆರೆ ಹೊಡೆದು ಹಾಕಿದ್ದು ಅಷ್ಟೇ. ಮನೆ ಅಲ್ಲೇ ಇದೆ, ಒಳಗಿನವರೂ ಅಲ್ಲೇ ಇದ್ದಾರೆ. ಪ್ರೋಕ್‌ನ ಆ ಫೈಲ್ ನೋಟ್‌ಬುಕ್ ನೋಡೋದೇ ಇಲ್ಲ. ಸ್ಟಾಕ್ ತುದಿಯ ಆ ಬೈಟ್‌ಗಳನ್ನ, ಆರಂಭದ ಅಡ್ರೆಸ್‌ನಿಂದ ಕೊನೆಯ ಅಡ್ರೆಸ್‌ವರೆಗೆ, ಇದ್ದಂತೆ ಓದಿ ತೋರಿಸುತ್ತದೆ. ನೀವು ಸೆಟ್‌ಎನ್ವ್ ಮಾಡಿ ಹೀಪ್‌ನಲ್ಲಿ ಸೇರಿಸಿದ್ದು ಅದರಲ್ಲಿ ಬರದೇ ಇರೋದಕ್ಕೂ ಇದೇ ಕಾರಣ.

ಇನ್ನೊಂದು ಪ್ರಯೋಗ. ಅನ್‌ಸೆಟ್‌ಎನ್ವ್‌ಗೆ ಮುಂಚೆ ಆ ಸ್ಟ್ರಿಂಗ್‌ನ ಅಡ್ರೆಸ್ ಒಂದು ಪಾಯಿಂಟರ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ಬೇಕಾದ ಪಾಸ್‌ವರ್ಡನ್ನ ಬೇರೆ ಕಡೆ ನಕಲು ಮಾಡಿಕೊಂಡು, ಅನ್‌ಸೆಟ್‌ಎನ್ವ್ ಆದ ಮೇಲೆ ಆ ಅಡ್ರೆಸ್‌ನಿಂದ ಸ್ಟ್ರಿಂಗ್ ಉದ್ದದಷ್ಟು ಸೊನ್ನೆ ತುಂಬುತ್ತೇನೆ. ಆಗಲೇ ತಿದ್ದಬೇಡಿ ಅಂದವರು ಈಗ ನೀವೇ ತಿದ್ದುತ್ತಿದ್ದೀರಲ್ಲ ಅನ್ನಬಹುದು. ಗೆಟ್‌ಎನ್ವ್ ಕೊಟ್ಟದ್ದನ್ನ ಮುಟ್ಟಬಾರದು ಅನ್ನೋದು ನಿಜವೇ, ಆದರೆ ಈ ಬೈಟ್‌ಗಳು ನಮ್ಮದೇ ಸ್ಟಾಕ್, ಲಿನಕ್ಸ್ ತಡೆಯಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಥರದ ದೊಡ್ಡ ಪ್ರೋಗ್ರಾಮ್‌ಗಳೇ, ಓಡುತ್ತಿರುವ ಪ್ರೋಗ್ರಾಮ್‌ಗಳನ್ನ ತೋರಿಸುವ ಪಿಎಸ್ ಪಟ್ಟಿಯಲ್ಲಿ ತಮ್ಮ ಹೆಸರು ಉದ್ದಕ್ಕೆ ಬರೆದುಕೊಳ್ಳೋಕೆ ಎನ್ವಿರಾನ್ಮೆಂಟನ್ನ ಬೇರೆ ಕಡೆ ಸಾಗಿಸಿ ಈ ಜಾಗ ಬಳಸಿಕೊಳ್ಳುತ್ತವೆ, ಹೇಗೂ ಆರ್ಗ್ಯುಮೆಂಟ್‌ಗಳ ಪಕ್ಕದಲ್ಲೇ ಇದೆಯಲ್ಲ.

ಈಗ ಪ್ರೋಕ್ ಫೈಲ್ ಮತ್ತೆ ತೆಗೆಯುತ್ತೇನೆ. ಊರು ಇದೆ, ತಿಂಡಿ ಇದೆ. ಪಾಸ್‌ವರ್ಡ್ ಇದ್ದ ಕಡೆ ಬರೀ ಸೊನ್ನೆಗಳು, ಎಣಿಸಿ ಬೇಕಾದರೆ.